ಕೀ ಕೊಡೋ ಟೈಮರ್, ಮೂರು ತಿಂಗಳು ಬಳಸಿದ ಮೇಲೆ: ತಲೆ ಕೆಟ್ಟು ಕೂತವ್ರಿಗೆ ಇದು ಆಗುತ್ತಾ?

ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಕಿತ್ಕೊಂಡೆ ಅನ್ನೋದು ಕೊನೇಲಿದೆ, ಆತುರ ಇರೋರು ನೇರ ಅಲ್ಲಿಗೇ ಹೋಗ್ಬಿಡಿ, ಯಾಕಂದ್ರೆ ಇದು ಉದ್ದ ಆಗುತ್ತೆ, ಅಂಗೈಯಷ್ಟಿರೋ ಒಂದು ಪ್ಲಾಸ್ಟಿಕ್ ಡಬ್ಬಿ ಬಗ್ಗೆ ಇಷ್ಟು ಬರೀತೀನಿ ಅಂತ ನಂಗೇ ಗೊತ್ತಿರ್ಲಿಲ್ಲ.

ಮೊದ್ಲು ಯಾಕೆ ತಗೊಂಡೆ ಅಂತ ಹೇಳ್ಬಿಡ್ತೀನಿ. ಒಂದು ಶನಿವಾರ ಬೆಳಿಗ್ಗೆ, ಒಂದು ಕೈಯಲ್ಲಿ ಒದ್ದೆ ಟವೆಲ್ಲು, ಇನ್ನೊಂದು ಕೈಯಲ್ಲಿ ಫೋನು, ರೂಮಿನ ಮಧ್ಯೆ ನಿಂತಿದ್ದೆ. ಎಲ್ಲಿಗೆ ಹೊರಟಿದ್ದೆ ಅನ್ನೋದು ಮರ್ತೇ ಹೋಗಿತ್ತು. ಆಕಡೆ ವಾಷಿಂಗ್ ಮಷೀನು ಮುಗೀತು ಮುಗೀತು ಅಂತ ಪೀಂ ಪೀಂ ಅಂತಿದೆ, ಆಫೀಸಿನ ಒಂದು ಮೇಲ್‌ಗೆ ಉತ್ತರ ಕೊಡದೆ ಇರೋದು ಬುಧವಾರದಿಂದ ಹೊಟ್ಟೇಲಿ ಕಲ್ಲಿಟ್ಟ ಹಾಗೆ ಕೂತಿದೆ, ಸ್ಕೂಲಿನ ಫಾರ್ಮ್ ತುಂಬೋಕೆ ಅವತ್ತೇ ಕಡೇ ದಿನ, ಬಾತ್‌ರೂಮಿನ ನಲ್ಲಿ ಸೋರ್ತಿದೆ, ಅಮ್ಮನಿಗೆ ಫೋನ್ ಮಾಡಿ ನಾಲ್ಕು ದಿನ ಆಗಿದೆ. ಅಷ್ಟರಲ್ಲಿ ಮಗಳು ಬಂದು ತಣ್ಣಗೆ ಕೇಳಿದ್ಲು, "ಅಮ್ಮಾ, ಕತ್ರಿ ಎಲ್ಲಿದೆ?" ಅಷ್ಟೇ ಕೇಳಿದ್ದು. ನಾನು ಕೂಗಿದ ಕೂಗಿಗೆ ಪಕ್ಕದ ಮನೆ ನಾಯಿ ಬೊಗಳೋಕೆ ಶುರು ಮಾಡ್ತು. ಅವಳು ಅಳ್ಲಿಲ್ಲ, ಎರಡು ಹೆಜ್ಜೆ ಹಿಂದೆ ಹೋದ್ಲು. ಅತ್ತಿದ್ರೇ ವಾಸಿಯಿತ್ತು.

ಕತ್ರಿ ನನ್ನ ಮುಂದಿನ ಮೇಜಿನ ಮೇಲೇ ಇತ್ತು ಅನ್ನೋದು ಬೇರೆ ಮಾತು.

ರಾತ್ರಿ ಅಕ್ಕನಿಗೆ ಫೋನ್ ಮಾಡಿ ಗೋಳು ಹೇಳ್ಕೊಂಡೆ. ಅಕ್ಕ ಎಲ್ಲಾ ಕೇಳಿ, "ನೀನು ಕೆಲ್ಸ ಮಾಡಿ ಸುಸ್ತಾಗ್ತಿಲ್ಲ ಕಣೇ, ಕೆಲ್ಸಾನ ನೆನೆಸ್ಕೊಂಡು ನೆನೆಸ್ಕೊಂಡು ಸುಸ್ತಾಗ್ತಿದೀಯ" ಅಂದ್ಲು. ಮೈಯೆಲ್ಲಾ ಉರೀತು. ಇವಳಿಗೇನು ಗೊತ್ತು ಅಂತ ಫೋನ್ ಇಟ್ಬಿಟ್ಟೆ. ಆದ್ರೆ ಆ ಶನಿವಾರ ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ನಾನು ನಿಜವಾಗ್ಲೂ ಏನು ಮಾಡಿ ಮುಗಿಸಿದ್ದೆ ಅಂತ ಲೆಕ್ಕ ಹಾಕಿದ್ರೆ, ಅರ್ಧ ಮೇಲ್, ಅರ್ಧ ಬಕೆಟ್ ಬಟ್ಟೆ, ಫಾರ್ಮ್‌ನಲ್ಲಿ ಹೆಸ್ರು ಮತ್ತೆ ಹುಟ್ಟಿದ ತಾರೀಖು. ಅಷ್ಟಕ್ಕೆ ನಾಲ್ಕು ಗಂಟೆ. ಮಾರನೇ ವಾರ ಅಕ್ಕಾನೇ ಮೆಸೇಜ್ ಹಾಕಿದ್ಲು, ಅಡುಗೆ ಮನೇಲಿಡ್ತಾರಲ್ಲ ಆ ತಿರುಗಿಸೋ ಟೈಮರ್, ಅದೊಂದು ತಗೋ, ನಾನು ಎರಡು ವರ್ಷದಿಂದ ಬಳಸ್ತಿದೀನಿ, ಬೈಕೊಂಡಾದ್ರೂ ತಗೋ ಅಂತ. ಬೈಕೊಂಡೇ ತಗೊಂಡೆ.

ವಸ್ತು ಏನು ಅಂದ್ರೆ, ದುಂಡಗಿರೋ ಡಬ್ಬಿ, ಮೇಲೆ ಸೊನ್ನೆಯಿಂದ ಅರವತ್ತರವರೆಗೆ ಗೆರೆ. ಬ್ಯಾಟರಿ ಇಲ್ಲ, ವೈಫೈ ಇಲ್ಲ, ಆಪ್ ಇಲ್ಲ, ದೇವ್ರ ದಯೆ ಅಕೌಂಟ್ ಓಪನ್ ಮಾಡೋದೂ ಇಲ್ಲ. ಒಳಗೆ ಒಂದು ಸ್ಪ್ರಿಂಗ್ ಇರುತ್ತೆ, ಮೇಲಿನ ಅರ್ಧ ತಿರುಗಿಸಿದ್ರೆ ಅದು ಸುತ್ಕೊಳ್ಳುತ್ತೆ, ಬಿಟ್ರೆ ಹಳೇ ಗಡಿಯಾರದ ಹಾಗೆ ಹಲ್ಲಿನ ಚಕ್ರಗಳು ಒಂದೊಂದೇ ಹಲ್ಲು ಬಿಡ್ತಾ ಸೊನ್ನೆ ಕಡೆ ವಾಪಸ್ ಬರುತ್ತೆ, ಸೊನ್ನೆಗೆ ಬಂದಾಗ ಕಿರ್ರ್ ಅಂತ ಗಂಟೆ. ಒಂದು ವಿಷ್ಯ ಡಬ್ಬಿ ಜೊತೆ ಬಂದ ಚೀಟಿಯಲ್ಲಿ ಇರುವೆ ಅಕ್ಷರದಲ್ಲಿದೆ, ಯಾರೂ ಓದಲ್ಲ: ಐದು ಹತ್ತು ನಿಮಿಷಕ್ಕೆ ಇಡೋದಾದ್ರೆ ಮೊದ್ಲು ಮೂವತ್ತರ ಆಚೆವರೆಗೆ ಪೂರ್ತಿ ತಿರುಗಿಸಿ ಆಮೇಲೆ ಹಿಂದಕ್ಕೆ ತಂದು ಇಡ್ಬೇಕು. ನೇರ ಹತ್ತಕ್ಕೆ ತಿರುಗಿಸಿ ಬಿಟ್ರೆ ಸ್ಪ್ರಿಂಗಿಗೆ ಸಾಕಷ್ಟು ಬಿಗಿ ಇರಲ್ಲ, ಕೊನೇಲಿ ಗಂಟೆ ಹೊಡೆಯದೆ ಸುಮ್ನೆ ನಿಂತು ಹೋಗುತ್ತೆ. ಇದಕ್ಕೆ ಒಂದು ಸ್ಟಾರ್ ಕೊಟ್ಟು "ಡಿಫೆಕ್ಟಿವ್ ಪೀಸ್" ಅಂತ ಬರೆದಿರೋರನ್ನ ನೋಡಿದೀನಿ, ಅವ್ರೆಲ್ಲ ಒಂದ್ಸಲ ಪೂರ್ತಿ ತಿರುಗಿಸಿ ನೋಡಿ.

ಇದಕ್ಕೆ ಮುಂಚೆ ಏನೇನು ಮಾಡಿ ಕೈ ಸುಟ್ಕೊಂಡಿದ್ದೆ ಅಂತಾನೂ ಹೇಳ್ಬೇಕು, ಇಲ್ಲಾಂದ್ರೆ ಹೋಲಿಕೆ ಹೇಗೆ. ಒಂದು ಧ್ಯಾನದ ಆಪ್ ಇತ್ತು. ಧ್ಯಾನ ಕೆಟ್ಟದ್ದಲ್ಲ, ಆದ್ರೆ ಆ ಆಪ್ ದಿನಕ್ಕೆ ಮೂರು ಸಲ "ಇವತ್ತು ನೀವಿನ್ನೂ ಶಾಂತವಾಗಿಲ್ಲ" ಅನ್ನೋ ಅರ್ಥ ಬರೋ ಹಾಗೆ ನೋಟಿಫಿಕೇಶನ್ ಕಳಿಸ್ತಿತ್ತು, ಮಾಡ್ಬೇಕಾದ ಕೆಲಸದ ಪಟ್ಟೀಲಿ ಶಾಂತವಾಗೋದೂ ಒಂದು ಸೇರ್ಕೊಂಡ್ತು. ಸತತ ಹನ್ನೆರಡು ದಿನ ಮಾಡಿ ಹದಿಮೂರನೇ ದಿನ ತಪ್ಪಿದ್ದಕ್ಕೆ ಅಳು ಬಂದಿತ್ತು ಅಂದ್ರೆ ನೀವೇ ಯೋಚ್ನೆ ಮಾಡಿ. ಆಮೇಲೆ ದಪ್ಪ ರಟ್ಟಿನ ಒಂದು ಪ್ಲ್ಯಾನರ್ ಬುಕ್ಕು, ಒಂದೊಂದು ಪುಟಕ್ಕೆ ಹದಿನೈದು ಡಬ್ಬ, ಇವತ್ತಿನ ಗುರಿ, ಇವತ್ತಿನ ಕೃತಜ್ಞತೆ, ಎಷ್ಟು ಲೋಟ ನೀರು. ಜನವರಿ ಹತ್ತೊಂಬತ್ತರ ತನಕ ತುಂಬಿದೀನಿ. ಚೆಂದದ ಪುಸ್ತಕ, ಚಿತ್ರ ಬರೆಯೋಕೆ ಮಗಳಿಗೆ ಕೊಟ್ಟೆ.

ಮೂರನೇದು ದಿಂಬು. ಸಿಟ್ಟು ಬಂದಾಗ ದಿಂಬಿಗೆ ಗುದ್ದಿ, ಒಳಗಿರೋದೆಲ್ಲಾ ಹೊರಗೆ ಹಾಕಿ ಹಗುರ ಆಗಿ ಅಂತ ಯಾರೋ ವಿಡಿಯೋದಲ್ಲಿ ಹೇಳಿದ್ರು. ಗುದ್ದಿದೆ. ಗುದ್ದಿದಷ್ಟೂ ಸಿಟ್ಟು ಏರ್ತು, ಕೊನೆಗೆ ದಿಂಬು ಬಿಟ್ಟು ಕಪಾಟಿನ ಬಾಗಿಲಿಗೆ ಒದ್ದೆ, ಕಾಲು ಊದ್ಕೊಂಡಿದ್ದು ನಂದು. ನನ್ನ ಸ್ವಭಾವಾನೇ ಸರಿಯಿಲ್ಲ ಅಂದ್ಕೊಂಡಿದ್ದೆ, ಆಮೇಲೆ ಓದಿದಾಗ ಗೊತ್ತಾಯ್ತು ಇದು ನನ್ನೊಬ್ಬಳ ಕಥೆಯಲ್ಲ ಅಂತ. ಅಮೆರಿಕದ ಓಹಾಯೊ ಸ್ಟೇಟ್ ಯೂನಿವರ್ಸಿಟಿಯವ್ರು 154 ಅಧ್ಯಯನಗಳನ್ನ, ಅಂದ್ರೆ ಒಟ್ಟು ಹತ್ತು ಸಾವಿರಕ್ಕೂ ಜಾಸ್ತಿ ಜನರ ಮೇಲೆ ಮಾಡಿದ್ದನ್ನ, ಒಟ್ಟಿಗೆ ಇಟ್ಟು 2024ರಲ್ಲಿ ಪ್ರಕಟಿಸಿದಾರೆ. ಸಿಟ್ಟು ಹೊರಗೆ ಹಾಕಿದ್ರೆ ಇಳಿಯುತ್ತೆ ಅನ್ನೋದಕ್ಕೆ ಆಧಾರ ಸಿಗ್ಲಿಲ್ಲ, ಮೈಯನ್ನ ತಣ್ಣಗೆ ಮಾಡೋ ಕೆಲಸಗಳು, ಅಂದ್ರೆ ನಿಧಾನ ಉಸಿರಾಟ, ಧ್ಯಾನ, ಸ್ನಾಯು ಸಡಿಲ ಬಿಡೋದು, ಇವು ಇಳಿಸ್ತವೆ. ಜಾಗಿಂಗ್ ಕೂಡ ಸಿಟ್ಟಿಗೆ ಒಳ್ಳೇದಲ್ವಂತೆ, ಆರೋಗ್ಯಕ್ಕೆ ಒಳ್ಳೇದು ಇರ್ಬಹುದು. ಎದೆ ಡವಡವ ಅಂತಿರೋವಾಗ ಇನ್ನೂ ಡವಡವ ಅನ್ನಿಸೋ ಕೆಲಸ ಮಾಡಿದ್ರೆ ಮೈಗೆ ಗೊತ್ತಾಗೋದು ಜಗಳ ಇನ್ನೂ ನಡೀತಿದೆ ಅಂತಾನೇ. ಒಂದು ದಿಂಬು ಹಾಳು.

ಈಗ ಟೈಮರ್‌ಗೆ ಬರೋಣ. "ಫೋನಲ್ಲೇ ಟೈಮರ್ ಇದೆಯಲ್ಲ, ಇದಕ್ಯಾಕೆ ದುಡ್ಡು" ಅಂತ ನಮ್ಮನೆಯವ್ರು ಮೊದಲ ದಿನಾನೇ ಕೇಳಿದ್ರು. ನ್ಯಾಯವಾದ ಪ್ರಶ್ನೆ. ಒಂದು ವಾರ ಫೋನಲ್ಲೇ ಮಾಡಿ ನೋಡಿದೆ. ಟೈಮರ್ ಹಾಕೋಕೆ ಫೋನ್ ತೆಗೆದ್ರೆ ಅಲ್ಲಿ ಏಳು ಮೆಸೇಜು, ಏಳರಲ್ಲಿ ಒಂದು ಸ್ಕೂಲ್ ಗ್ರೂಪಿಂದು, ಅದರಲ್ಲಿ ಇನ್ನೊಂದು ಹೊಸ ಕೆಲಸ. ಕೆರೆಯಿಂದ ಹೊರಗೆ ಬರೋಕೆ ಕೆರೆಗೇ ಹಾರಿದ ಹಾಗೆ. ಈ ಡಬ್ಬಿಗೆ ಬೇರೆ ಏನೂ ಬರಲ್ಲ, ಅದೇ ಅದರ ದೊಡ್ಡ ಗುಣ. ಇನ್ನೊಂದು, ಕೈಯಲ್ಲಿ ತಿರುಗಿಸ್ಬೇಕು, ಬಿಗಿ ಗೊತ್ತಾಗುತ್ತೆ, ಕಟಕಟ ಅಂತ ಶಬ್ದ ಬರುತ್ತೆ. ಆ ತಿರುಗಿಸೋದರಲ್ಲಿ ಏನೋ ಇದೆ, ಸರಿ ಈಗ ಶುರು ಅಂತ ಮೈಗೆ ತಿಳಿಯುತ್ತೆ.

ಇದನ್ನ ಹೀಗೆ ಬಳಸೋದು ನನ್ನ ಕಂಡುಹಿಡಿಕೆ ಏನಲ್ಲ. ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ಅನ್ನೋರು 1980ರ ದಶಕದ ಕೊನೇಲಿ ಕಾಲೇಜ್ ಓದ್ತಿದ್ದಾಗ, ಓದೋಕೆ ಮನಸ್ಸು ನಿಲ್ತಿಲ್ಲ ಅಂತ ಟೊಮ್ಯಾಟೊ ಆಕಾರದ ಒಂದು ಅಡುಗೆ ಟೈಮರ್ ಇಟ್ಕೊಂಡು ಶುರು ಮಾಡಿದ್ದು, ಅದಕ್ಕೇ ಅದರ ಹೆಸ್ರು ಪೊಮೊಡೊರೊ, ಇಟಾಲಿಯನ್‌ನಲ್ಲಿ ಟೊಮ್ಯಾಟೊ ಅಂತ ಅರ್ಥ. ಇಪ್ಪತ್ತೈದು ನಿಮಿಷ ಒಂದೇ ಕೆಲಸ, ಐದು ನಿಮಿಷ ಬಿಡುವು, ನಾಲ್ಕು ಸುತ್ತು ಆದ್ಮೇಲೆ ದೊಡ್ಡ ಬಿಡುವು. ಕೇಳೋಕೆ ಚೆನ್ನಾಗಿದೆ. ನನ್ನ ಕೈಲಿ ಆಗ್ಲಿಲ್ಲ. ತಲೆ ಕೆಟ್ಟು ಕೂತಿರೋಳಿಗೆ ಇಪ್ಪತ್ತೈದು ನಿಮಿಷ ಅಂದ್ರೆ ಒಂದು ಊರು. ನಡುವೆ ಕಾಲಿಂಗ್ ಬೆಲ್ಲು, ಮಗು, ಫೋನು. ಎರಡು ಸಲ ಸೋತು, ಇದೂ ನಂಗೆ ಬರಲ್ಲ ಬಿಡು ಅಂತ ಡ್ರಾಯರ್‌ಗೆ ಹಾಕಿದ್ದೆ. ಆಮೇಲೆ ಹತ್ತಕ್ಕೆ ಇಳಿಸಿದೆ. ಹತ್ತು ನಿಮಿಷ ಯಾರು ಬೇಕಾದ್ರೂ ಏನು ಬೇಕಾದ್ರೂ ಮಾಡ್ತಾರೆ. ಆ ಬುಧವಾರದ ಮೇಲ್ ಇತ್ತಲ್ಲ, ವಾರಗಟ್ಟಲೆ ಹೊಟ್ಟೇಲಿ ಹೊತ್ಕೊಂಡು ತಿರುಗಿದ್ದು, ಬರೆದು ಕಳಿಸಿದಾಗ ಮುಳ್ಳು ಇನ್ನೂ ಮೂರರ ಮೇಲಿತ್ತು. ಏಳು ನಿಮಿಷದ ಕೆಲಸ ಅದು. ಉಳಿದ ಮೂರು ನಿಮಿಷ ಸುಮ್ನೆ ಕೂತು ಆ ಡಬ್ಬೀನೇ ನೋಡ್ತಿದ್ದೆ. ಸಂತೋಷ ಏನಾಗ್ಲಿಲ್ಲ, ನಾಚಿಕೆ ಆಯ್ತು, ಆಮೇಲೆ ಸ್ವಲ್ಪ ನಗು ಬಂತು.

ಒಂದು ಮಾತು, ಬರೀ ಟೈಮರ್ ತಿರುಗಿಸಿದ್ರೆ ಏನೂ ಆಗಲ್ಲ. ಯಾವ ಕೆಲಸಕ್ಕೆ ತಿರುಗಿಸ್ತೀರಿ ಅನ್ನೋದು ಮೊದ್ಲು ಗೊತ್ತಿರ್ಬೇಕು, ನಂಗೆ ಗೊತ್ತಾಗ್ದೇ ಇದ್ದದ್ದು ಅದೇ. ಅದಕ್ಕೆ ನಾನು ಮೊದಲ ಐದು ನಿಮಿಷಾನ ಪೇಪರ್‌ಗೆ ಕೊಡ್ತೀನಿ. ಹಳೇ ಲಕೋಟೆ ಹಿಂದೆ, ತಲೇಲಿ ಏನೇನು ಗಿರಕಿ ಹೊಡೀತಿದೆಯೋ ಎಲ್ಲಾ, ಅಕ್ಷರ ಹೇಗಿದ್ರೂ ಸರಿ, ದೊಡ್ಡದು ಚಿಕ್ಕದು ಅಂತ ನೋಡದೆ, ನಲ್ಲಿ ರಿಪೇರಿಯಿಂದ ಹಿಡಿದು ಅವ್ಳು ಆವತ್ತು ಯಾಕೆ ಹಾಗಂದ್ಲು ಅನ್ನೋವರೆಗೆ ಗೀಚೋದು. ಮೊದಲ ಸಲ ಗೀಚಿದಾಗ ನೂರಾರು ಬರುತ್ತೆ ಅಂದ್ಕೊಂಡಿದ್ದೆ, ಬಂದಿದ್ದು ಇಪ್ಪತ್ಮೂರು. ಇಪ್ಪತ್ಮೂರಕ್ಕೆ ನಾನು ಆಕಾಶ ಬಿದ್ದ ಹಾಗೆ ಆಡ್ತಿದ್ದೆ. ಆದ್ರೆ ಅದಕ್ಕೂ ಕಾರಣ ಇದೆ ನೋಡಿ, ನಮ್ಮ ತಲೆ ಒಂದೇ ಹೊತ್ತಿಗೆ ಹಿಡಿದಿಟ್ಕೊಳ್ಳೋದು ತುಂಬಾ ಕಮ್ಮಿ. 1956ರಲ್ಲಿ ಜಾರ್ಜ್ ಮಿಲ್ಲರ್ ಅನ್ನೋ ಸೈಕಾಲಜಿಸ್ಟ್ ಏಳು, ಎರಡು ಆಕಡೆ ಈಕಡೆ ಅಂದಿದ್ರು, ಆಮೇಲೆ 2001ರಲ್ಲಿ ನೆಲ್ಸನ್ ಕೋವನ್ ಅದನ್ನೂ ಇಳಿಸಿ ನಾಲ್ಕರ ಹತ್ತಿರ ತಂದ್ರು. ನಾಲ್ಕು ಹಿಡಿಯೋ ಕೈಗೆ ಇಪ್ಪತ್ಮೂರು ಕೊಟ್ರೆ ಒಂದು ಎತ್ಕೊಳ್ಳೋಕೆ ಹೋದಾಗ ಇನ್ನೊಂದು ಬೀಳ್ತಾನೇ ಇರುತ್ತೆ, ಬಿದ್ದಿದ್ದನ್ನ ಎತ್ತೋದೇ ದಿನವಿಡೀ ಕೆಲಸ. ಅಕ್ಕ ಹೇಳಿದ್ದು ಇದೇ ಇರ್ಬೇಕು, ಅವಳ ಬಾಯಿಂದ ಬಂದಿದ್ದಕ್ಕೆ ಉರೀತು ಅಷ್ಟೇ.

ಗೀಚಿದ ಮೇಲೆ ಪ್ರತಿಯೊಂದರ ಪಕ್ಕ ಯಾವಾಗ ಅಂತ ಬರೀತೀನಿ, ಮಾಡೋದು ಆಮೇಲಿನ ಮಾತು. "ನಲ್ಲಿ: ಸೋಮವಾರ ಹತ್ತಕ್ಕೆ ಪ್ಲಂಬರ್‌ಗೆ ಫೋನು." ಇಷ್ಟು ಬರೆದ್ರೆ ಸಾಕು, ಆ ನಲ್ಲಿ ತಲೆಯೊಳಗೆ ಸೋರೋದು ನಿಲ್ಲುತ್ತೆ, ಬಾತ್‌ರೂಮಲ್ಲಿ ಸೋರ್ತಾನೇ ಇರುತ್ತೆ. ಇದು ಏನೋ ಮೋಸ ಅನ್ನಿಸ್ತಿತ್ತು, ಕೆಲಸ ಆಗೇ ಇಲ್ಲವಲ್ಲ. ಆದ್ರೆ 2011ರಲ್ಲಿ ಮ್ಯಾಸಿಕ್ಯಾಂಪೊ ಮತ್ತೆ ಬೌಮೈಸ್ಟರ್ ಅನ್ನೋ ಇಬ್ಬರು ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿದಾರೆ, ಅರ್ಧ ಬಿಟ್ಟ ಕೆಲಸ ಬೇರೆ ಕೆಲಸದ ಮಧ್ಯೆ ಬಂದು ಬಂದು ತಿವಿಯೋದು ನಿಲ್ಲೋಕೆ ಅದನ್ನ ಮುಗಿಸಲೇಬೇಕು ಅಂತಿಲ್ಲ, ಯಾವಾಗ ಹೇಗೆ ಮಾಡ್ತೀನಿ ಅಂತ ನಿಖರವಾಗಿ ಒಂದು ಪ್ಲಾನ್ ಮಾಡಿದ್ರೂ ತಿವಿತ ಕಮ್ಮಿ ಆಗುತ್ತೆ ಅಂತ. ನಿಖರವಾಗಿ ಅನ್ನೋದನ್ನ ಗಮನಿಸಿ. "ನೋಡೋಣ, ಮಾಡಿದ್ರಾಯ್ತು" ಅಂತ ಬರೆದಿದ್ದಕ್ಕೆಲ್ಲ ನನ್ನ ತಲೆ ಮೋಸ ಹೋಗಲ್ಲ, ರಾತ್ರಿ ಮೂರು ಗಂಟೆಗೆ ಎಬ್ಬಿಸಿ ಕೇಳುತ್ತೆ.

ರಾತ್ರಿದೂ ಹೇಳ್ಬಿಡ್ತೀನಿ. ಮಲಗೋ ಮುಂಚೆ ಐದು ನಿಮಿಷ ಟೈಮರ್ ಇಟ್ಟು ನಾಳೆಯ ಪಟ್ಟಿ ಬರೀತೀನಿ. ಬೇಲರ್ ಯೂನಿವರ್ಸಿಟಿಯಲ್ಲಿ 57 ಜನರ ಮೇಲೆ ಮಾಡಿ 2018ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ, ಮಲಗೋ ಮುಂಚೆ ಐದು ನಿಮಿಷ, ಅರ್ಧ ಜನ ಮುಂದೆ ಮಾಡ್ಬೇಕಾದ್ದು ಬರೆದ್ರು, ಅರ್ಧ ಜನ ಮಾಡಿ ಮುಗಿಸಿದ್ದು ಬರೆದ್ರು, ಮಾಡ್ಬೇಕಾದ್ದು ಬರೆದವ್ರು ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಹೋದ್ರು. ನಾನು ಉಲ್ಟಾ ಅಂದ್ಕೊಂಡಿದ್ದೆ, ಮುಗಿಸಿದ್ದು ನೆನೆಸ್ಕೊಂಡ್ರೆ ಅಲ್ವಾ ನೆಮ್ಮದಿ? ಅಲ್ಲ. ನನ್ನ ಮನೇಲಿ ಒಂಬತ್ತು ನಿಮಿಷಾನೋ ಹತ್ತೋ ಅಳೆದಿಲ್ಲ, ಗೋಡೆ ನೋಡೋದು ಕಮ್ಮಿ ಆಗಿದೆ. ಆದ್ರೆ ಟೈಮರ್‌ನ ಬೆಡ್‌ರೂಮ್ ಒಳಗೆ ಇಡ್ಬೇಡಿ, ಹೊರಗೆ ಕೂತು ಬರೆದು, ಅಲ್ಲೇ ಬಿಟ್ಟು ಬನ್ನಿ. ಯಾಕೆ ಅಂತ ಮುಂದೆ ಬರುತ್ತೆ.

ಇಲ್ಲಿವರೆಗೆ ಹೇಳಿದ್ದು ಜಾಸ್ತಿ ಆಗಿ ಉಸಿರುಗಟ್ಟೋದರ ಬಗ್ಗೆ. ರೇಗೋದು ಬೇರೆ. ನಾನು ಎರಡೂ ಒಂದೇ ಅಂದ್ಕೊಂಡು ಎರಡಕ್ಕೂ ಒಂದೇ ಔಷಧಿ ಹಾಕ್ತಿದ್ದೆ. ಮೊದಲನೇದರಲ್ಲಿ ಯಾವುದಕ್ಕೂ ಕೈ ಹಾಕೋಕಾಗಲ್ಲ. ಎರಡನೇದರಲ್ಲಿ ಒಂದಕ್ಕೆ ಕೈ ಹಾಕಿ, ಅದು ಬಗ್ಗದೆ, ಬಿಡೋಕೂ ಆಗದೆ ಅಂಟ್ಕೊಂಡಿರ್ತೀವಿ. ಉದಾಹರಣೆಗೆ ಒಂದು ಆನ್‌ಲೈನ್ ಫಾರ್ಮು, ಯಾವ ಸಂಸ್ಥೆದು ಅಂತ ಹೇಳಲ್ಲ, ಒಂಬತ್ತು ಪುಟ, ಒಂಬತ್ತನೇ ಪುಟದಲ್ಲಿ ಫೋಟೋ ಸೈಜು ಜಾಸ್ತಿ ಅನ್ನುತ್ತೆ, ಕಮ್ಮಿ ಮಾಡಿ ತಂದ್ರೆ ಸೈಜು ಕಮ್ಮಿ ಅನ್ನುತ್ತೆ, ಸರಿ ಮಾಡಿ ತರೋಷ್ಟರಲ್ಲಿ ಸೆಷನ್ ಮುಗೀತು ಮತ್ತೆ ಲಾಗಿನ್ ಆಗಿ ಅನ್ನುತ್ತೆ, ಲಾಗಿನ್ ಆದ್ರೆ ಒಂದನೇ ಪುಟ. ಮೂರು ಸಲ. ಮೂರನೇ ಸಲಕ್ಕೆ ನನ್ನ ಕೈ ನಡುಗ್ತಿತ್ತು, ಪರದೆಗೆ ಬಾಯಿಗೆ ಬಂದಿದ್ದು ಬೈತಿದ್ದೆ, ಪಕ್ಕದಲ್ಲಿ ಯಾರಾದ್ರೂ ಬಂದು ನೀರು ಬೇಕಾ ಅಂದಿದ್ರೂ ಅವ್ರ ಗತಿ ಅಷ್ಟೇ ಆಗಿರೋದು.

ಇಂಥದ್ದಕ್ಕೆ ಟೈಮರ್ ಹೇಗೆ ಅಂದ್ರೆ, ಉಲ್ಟಾ. ಶುರು ಮಾಡೋಕಲ್ಲ, ನಿಲ್ಲಿಸೋಕೆ. ಇಂಥ ಕೆಲಸಕ್ಕೆ ಕೂರೋ ಮುಂಚೇನೇ ಇಪ್ಪತ್ತಕ್ಕೆ ತಿರುಗಿಸಿ ಇಡ್ತೀನಿ. ಇದರ ಜೊತೆ ಇವತ್ತು ಇಪ್ಪತ್ತು ನಿಮಿಷ ಗುದ್ದಾಡ್ತೀನಿ, ಗಂಟೆ ಹೊಡೀತಿದ್ದ ಹಾಗೆ, ಆಗಿರ್ಲಿ ಬಿಡ್ಲಿ, ಎದ್ದು ಹೋಗ್ತೀನಿ. ಇದು ಮಾಡೋಕೆ ಮೊದಲ ಎರಡು ವಾರ ಆಗ್ಲೇ ಇಲ್ಲ, ಇನ್ನೊಂದ್ಸಲ ಇನ್ನೊಂದ್ಸಲ ಅಂತ ಕೈ ಬಿಡಲ್ಲ, ಜೂಜಾಡೋರ ಹಾಗೆ. ಎದ್ದು ಹೋಗೋದನ್ನ ಕಲಿಯೋಕೆ ಒಂದು ಉಪಾಯ ಮಾಡಿದೆ, ಡಬ್ಬೀನ ಕೈಗೆ ಸಿಗೋ ಜಾಗದಲ್ಲಿ ಇಡದೆ ಇನ್ನೊಂದು ರೂಮಲ್ಲಿ ಇಟ್ಟೆ. ಗಂಟೆ ತಾನಾಗೇ ನಿಲ್ಲುತ್ತೆ, ಆದ್ರೆ ಇನ್ನೊಂದ್ಸಲ ಅಂತ ಮತ್ತೆ ತಿರುಗಿಸೋಕೆ ಏಳಲೇಬೇಕು. ಎದ್ದ ಮೇಲೆ ಅರ್ಧ ಕೆಲಸ ಆದ ಹಾಗೇ, ಕುರ್ಚಿ ಬಿಟ್ಟ ತಕ್ಷಣ ಆ ಪುಣ್ಯಾತ್ಮ ವೆಬ್‌ಸೈಟ್ ಒಂದು ವೆಬ್‌ಸೈಟ್ ಆಗಿ ಕಾಣುತ್ತೆ, ನನ್ನ ಪೂರ್ವಜನ್ಮದ ವೈರಿ ಆಗಿ ಕಾಣಲ್ಲ. ಆ ಫಾರ್ಮು ಮಾರನೇ ದಿನ ಬೆಳಿಗ್ಗೆ ಒಂದೇ ಸಲಕ್ಕೆ ಹೋಯ್ತು. ನಾನೇನೂ ಜಾಣೆ ಆಗಿರ್ಲಿಲ್ಲ, ಫೋಟೋ ಮೊದಲೇ ರೆಡಿ ಇಟ್ಕೊಂಡಿದ್ದೆ ಅಷ್ಟೇ, ಹಿಂದಿನ ದಿನ ಆ ಬುದ್ಧಿ ಹೊಳೆಯೋಕೆ ಸಿಟ್ಟು ಬಿಟ್ಟಿರ್ಲಿಲ್ಲ.

ಮನುಷ್ಯರ ಮೇಲೆ ಬರೋ ಸಿಟ್ಟಿಗೂ ಬಳಸ್ತೀನಿ, ಇದು ಸ್ವಲ್ಪ ಸೂಕ್ಷ್ಮ. ಐದು ನಿಮಿಷಕ್ಕೆ ತಿರುಗಿಸಿ "ಗಂಟೆ ಹೊಡೆದ ಮೇಲೆ ಮಾತಾಡ್ತೀನಿ" ಅಂತ ಹೇಳಿ ಬೇರೆ ರೂಮಿಗೆ ಹೋಗ್ತೀನಿ. ಮುಂಚೆ ಹೇಳದೇ ಕೇಳದೇ ಎದ್ದು ಹೋಗ್ತಿದ್ದೆ, ಬಾಗಿಲು ಧಡಾರ್ ಅನ್ನೋದು, ನಮ್ಮನೆಯವ್ರಿಗೆ ಅದೇ ಇನ್ನೊಂದು ಜಗಳ ಆಗ್ತಿತ್ತು, ಮಗಳಿಗೆ ಅಮ್ಮ ಯಾವಾಗ ವಾಪಸ್ ಬರ್ತಾಳೆ ಅಂತ ಗೊತ್ತಾಗ್ತಿರ್ಲಿಲ್ಲ. ಈಗ ಹೊರಗಿರೋರಿಗೂ ಕಟಕಟ ಕೇಳಿಸ್ತಿರುತ್ತೆ, ಎಷ್ಟು ಹೊತ್ತು ಅಂತ ಗೊತ್ತಿರುತ್ತೆ. ಒಳಗೆ ಕೂತು ಏನು ಮಾಡೋದು? ಮೊದ್ಲೆಲ್ಲ ಕೂತು ವಾದ ತಯಾರು ಮಾಡ್ತಿದ್ದೆ, ಹೊರಗೆ ಬರೋಷ್ಟರಲ್ಲಿ ಸಿಟ್ಟು ಮಸೆದು ಚೂಪಾಗಿರ್ತಿತ್ತು. ಈಗ ಉಸಿರು ಮಾಡ್ತೀನಿ: ಮೂಗಿಂದ ಪೂರ್ತಿ ಒಳಗೆ, ಅದರ ಮೇಲೇ ಇನ್ನೊಂದು ಚಿಕ್ಕ ಉಸಿರು ಒಳಗೆ, ಆಮೇಲೆ ಬಾಯಿಂದ ಉದ್ದಕ್ಕೆ ಹೊರಗೆ, ನಿಟ್ಟುಸಿರು ಬಿಟ್ಟ ಹಾಗೆ. ಸ್ಟ್ಯಾನ್‌ಫೋರ್ಡ್‌ನವ್ರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಿನಾ ಐದು ನಿಮಿಷ ಹೀಗೆ ಒಂದು ತಿಂಗಳು ಮಾಡಿದವ್ರ ಮನಸ್ಸು ಅಷ್ಟೇ ಹೊತ್ತು ಧ್ಯಾನ ಮಾಡಿದವ್ರಿಗಿಂತ ಹೆಚ್ಚು ಹಗುರ ಆಗಿತ್ತು. ನಾನು ದಿನಾ ಮಾಡಲ್ಲ, ಬೆಂಕಿ ಬಿದ್ದಾಗ ಬಾವಿ ತೋಡೋ ಜಾತಿ, ಆದ್ರೂ ಬಾವಿಯಲ್ಲಿ ಸ್ವಲ್ಪ ನೀರು ಸಿಗುತ್ತೆ. ಐದು ನಿಮಿಷಕ್ಕೆ ಸಿಟ್ಟು ಹೋಗುತ್ತೆ ಅಂತ ನಾನು ಹೇಳಲ್ಲ. ದನಿ ಇಳಿಯುತ್ತೆ. ಹೇಳ್ಬೇಕಾದ್ದನ್ನ ಹೇಳೇ ಹೇಳ್ತೀನಿ, ಪಕ್ಕದ ಮನೆ ನಾಯಿಗೆ ಕೇಳಿಸಲ್ಲ.

ಮಗಳು ಇದನ್ನ ಎಷ್ಟು ಬೇಗ ಹಿಡಿದ್ಲು ಅಂದ್ರೆ, ಈಗ ನನ್ನ ಮುಖ ನೋಡಿ "ಅಮ್ಮಾ, ತಿರುಗಿಸ್ಕೋ ಹೋಗು" ಅಂತಾಳೆ. ಕೆಲವು ಸಲ ನಗು ಬರುತ್ತೆ, ಕೆಲವು ಸಲ ಅದಕ್ಕೇ ಇನ್ನಷ್ಟು ಸಿಟ್ಟು ಬರುತ್ತೆ, ಸತ್ಯ ಹೇಳ್ಬೇಕಲ್ಲ.

ಈಗ ತಕರಾರುಗಳು.

ಶಬ್ದ. ಕಟಕಟಕಟ. ಅಂಗಡಿಯ ಗಲಾಟೆಯಲ್ಲಿ ಕೇಳಿಸಲ್ಲ, ಮನೆ ನಿಶ್ಶಬ್ದದಲ್ಲಿ ಕಿವಿಯೊಳಗೆ ಗೆದ್ದಲು ಕೂತ ಹಾಗೆ. ನಂಗೆ ಎರಡು ವಾರಕ್ಕೆ ರೂಢಿಯಾಯ್ತು, ನಮ್ಮನೆಯವ್ರಿಗೆ ಇವತ್ತಿಗೂ ಆಗಿಲ್ಲ, ಅವ್ರು ಮೀಟಿಂಗಲ್ಲಿದ್ದಾಗ ಬಟ್ಟೆ ಮಡಿಚಿ ಅದರ ಮೇಲೆ ಇಡ್ತೀನಿ. ಶಬ್ದ ಅಂದ್ರೆ ಆಗದೇ ಇರೋರು, ಅದರಲ್ಲೂ ಶಬ್ದದಿಂದಾನೇ ತಲೆ ಕೆಡೋರು, ಇದನ್ನ ತಗೊಳ್ಳಲೇಬೇಡಿ. ಮರಳಿನ ಗಡಿಯಾರ ಸಿಗುತ್ತೆ, ಇಲ್ಲಾಂದ್ರೆ ಬಣ್ಣದ ತಟ್ಟೆ ನಿಧಾನಕ್ಕೆ ಕಿರಿದಾಗ್ತಾ ಹೋಗೋ ಟೈಮರ್‌ಗಳು ಇವೆ, ಅಂಥದ್ದು ನೋಡಿ.

ಗಂಟೆ. ಒಂದು ಸ್ಟಾರ್ ಹೋಗಿದ್ದು ಇದಕ್ಕೆ. ಶಾಂತವಾಗೋಕೆ ಅಂತ ತಂದ ವಸ್ತು ಕೊನೇಲಿ ಬೆಂಕಿ ಬಿದ್ದ ಹಾಗೆ ಕಿರುಚಿದ್ರೆ ಹೇಗೆ? ಮೊದಲ ದಿನ ಕುರ್ಚಿಯಿಂದ ಅರ್ಧ ಅಡಿ ಹಾರಿದೀನಿ. ದನಿ ಕಮ್ಮಿ ಮಾಡೋ ವ್ಯವಸ್ಥೆ ಏನೂ ಇಲ್ಲ. ಐದು ನಿಮಿಷ ಉಸಿರು ಎಳೆದು ಬಿಟ್ಟು ತಂದ ಸಮಾಧಾನ ಗಂಟೆ ಒಂದೇ ಏಟಿಗೆ ವಾಪಸ್ ತಗೊಳ್ಳುತ್ತೆ. ಈಗ ತಳಕ್ಕೆ ಹಳೇ ಸಾಕ್ಸ್ ತುಂಡು ಅಂಟಿಸಿದೀನಿ, ಸುಮಾರಾಗಿದೆ.

ನಿಖರತೆ ಅಷ್ಟಕ್ಕಷ್ಟೇ, ನನ್ನದು ಇಪ್ಪತ್ತು ನಿಮಿಷಕ್ಕೆ ಮುಕ್ಕಾಲು ನಿಮಿಷ ನಿಧಾನ. ನನ್ನ ಕೆಲಸಕ್ಕೆ ನಡೆಯುತ್ತೆ.

ಇನ್ನೊಂದು ತಕರಾರು ಟೈಮರ್‌ದಲ್ಲ, ನಂದು. ಎರಡನೇ ತಿಂಗಳಲ್ಲಿ ಇದರ ಹುಚ್ಚು ಹಿಡೀತು. ಸ್ನಾನಕ್ಕೆ ಟೈಮರ್, ಅಮ್ಮನ ಫೋನಿಗೆ ಟೈಮರ್, ಮಗಳ ಜೊತೆ ಆಡೋಕೂ ಟೈಮರ್. ಒಂದು ವಾರ ಎಲ್ಲಾ ಕೆಲಸ ಸಮಯಕ್ಕೆ ಮುಗೀತು, ನಾನು ಮಾತ್ರ ಮೊದಲಿಗಿಂತ ಕೆಟ್ಟಿದ್ದೆ, ದಿನವಿಡೀ ಪರೀಕ್ಷೆ ಹಾಲ್‌ನಲ್ಲಿ ಕೂತ ಹಾಗೆ. ಅಮ್ಮ ಫೋನಲ್ಲಿ "ಅದೇನೇ ಅದು ಕಟಕಟ ಅಂತಿದೆ" ಅಂತ ಕೇಳಿದ್ರು, ಏನೂ ಇಲ್ಲಮ್ಮ ಅಂದೆ. ಅವತ್ತೇ ನಿಲ್ಲಿಸಿದೆ. ಈಗ ದಿನಕ್ಕೆ ಮೂರು ಸಲಕ್ಕಿಂತ ಜಾಸ್ತಿ ಮುಟ್ಟಲ್ಲ, ಮನುಷ್ಯರಿಗೆ ಕೊಡೋ ಸಮಯಕ್ಕೆ ಮುಟ್ಟೋದೇ ಇಲ್ಲ.

ಆಮೇಲೆ ಇದರ ಕೈಲಿ ಆಗದೇ ಇರೋದು ಒಂದಿದೆ, ಮಾರೋರು ಹೇಳಲ್ಲ. ಕೆಲಸ ನಿಜವಾಗ್ಲೂ ಇಬ್ಬರದ್ದು ಇದ್ದು ಒಬ್ರೇ ಮಾಡ್ತಿದ್ರೆ ಹತ್ತು ನಿಮಿಷದ ತುಂಡು ಮಾಡಿದ್ರೂ ಅದು ಇಬ್ಬರದ್ದೇ. ನನ್ನ ಇಪ್ಪತ್ಮೂರರ ಪಟ್ಟೀನ ಒಂದಿನ ನಮ್ಮನೆಯವ್ರ ಮುಂದೆ ಇಟ್ಟೆ, ಬೈಯ್ಯೋಕಲ್ಲ, ಸುಮ್ನೆ ಇಟ್ಟೆ. ಅವ್ರು ಓದಿ, "ಇಷ್ಟೊಂದಾ? ನಂಗೆ ಇದರಲ್ಲಿ ಅರ್ಧ ಇದೆ ಅಂತಾನೇ ಗೊತ್ತಿರ್ಲಿಲ್ಲ" ಅಂದ್ರು. ಗೊತ್ತಿರ್ಬೇಕಿತ್ತು ಅನ್ನೋ ಮಾತು ನಾಲಿಗೆ ತುದಿವರೆಗೆ ಬಂತು, ನುಂಗ್ಕೊಂಡೆ. ಎಂಟು ಅವ್ರ ಕಡೆ ಹೋಯ್ತು. ಸ್ಕೂಲಿನ ಫಾರ್ಮುಗಳು ಈಗ ಅವ್ರದ್ದು. ಆಫೀಸಲ್ಲೂ ಒಂದಕ್ಕೆ, ಈ ವಾರ ಆಗಲ್ಲ, ಮುಂದಿನ ಮಂಗಳವಾರ ಕೊಡ್ತೀನಿ ಅಂತ ಬರೆದೆ, ಸರಿ ಅಂದ್ರು, ಅಷ್ಟೇ, ಯಾರೂ ಸಾಯ್ಲಿಲ್ಲ. ಈ ಎರಡು ಕೆಲಸ ಮಾಡಿದ್ದು ಟೈಮರ್ ಅಲ್ಲ, ಲಕೋಟೆ ಹಿಂದೆ ಗೀಚಿದ್ದು. ಆ ಲೆಕ್ಕದಲ್ಲಿ ನಾಲ್ಕು ಸ್ಟಾರ್‌ನಲ್ಲಿ ಎರಡು ಲಕೋಟೆಗೆ ಸೇರ್ಬೇಕು, ಅದಕ್ಕೆ ದುಡ್ಡೂ ಇಲ್ಲ.

ಮತ್ತೆ ವಾರಗಟ್ಟಲೆ ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಬೆಳಿಗ್ಗೆ ಏಳೋದೇ ಬೇಡ ಅನ್ನಿಸ್ತಿದೆ, ಕಾರಣ ಇಲ್ಲದೆ ಎದೆ ಹೊಡ್ಕೊಳ್ಳುತ್ತೆ, ಬದುಕೋದೇ ಬೇಡ ಅನ್ನೋ ಯೋಚ್ನೆ ಬರ್ತಿದೆ, ಅಂಥವ್ರು ಈ ರಿವ್ಯೂ ಓದೋದು ನಿಲ್ಲಿಸಿ ಡಾಕ್ಟರ್ ಹತ್ರ ಹೋಗಿ. ಇದು ಅಡುಗೆ ಮನೆ ಸಾಮಾನು, ಆ ಭಾರ ಹೊರೋ ವಸ್ತು ಅಲ್ಲ.

ಯಾರು ತಗೋಬಹುದು ಅಂತ ಕೇಳಿದ್ರೆ, ಕೆಲಸ ಶುರು ಮಾಡೋಕೆ ಒದ್ದಾಡೋರು, ಶುರು ಮಾಡಿದ್ದನ್ನ ಬಿಡೋಕೆ ಒದ್ದಾಡೋರು, ಫೋನ್ ಮುಟ್ಟಿದ್ರೆ ಕಳೆದು ಹೋಗೋರು. ಎರಡು ಸೈಜ್ ಬರುತ್ತೆ, ಚಿಕ್ಕದು ತಗೊಳ್ಳಿ, ದೊಡ್ಡದರ ಗಂಟೆ ಇನ್ನೂ ಜೋರು. ಹಿಡ್ಕೊಳ್ಳೋ ಜಾಗದಲ್ಲಿ ಗೆರೆ ಗೆರೆ ಇರೋದು ನೋಡಿ, ನುಣ್ಣಗಿರೋದು ಒದ್ದೆ ಕೈಯಲ್ಲಿ ಜಾರುತ್ತೆ, ನನ್ನದು ಎರಡು ಸಲ ಬಿದ್ದು ಮೂವತ್ತೈದರ ಹತ್ರ ಒಂದು ಸೀಳು ಬಿಟ್ಟಿದೆ, ಓಡೋಕೇನೂ ತೊಂದ್ರೆ ಇಲ್ಲ. ತಗೊಳ್ಳೋ ಮುಂಚೆ ಅಲ್ಲೇ ನಿಂತು ಪೂರ್ತಿ ತಿರುಗಿಸಿ, ವಾಪಸ್ ಸೊನ್ನೆಗೆ ತಂದು, ಗಂಟೆ ಒಂದ್ಸಲ ಕೇಳಿ. ಹಾರಿ ಬಿದ್ರೆ ಅದನ್ನ ಅಲ್ಲೇ ಇಟ್ಟು ಪಕ್ಕದ್ದು ನೋಡಿ.